ಅಟ್ಟ ಹತ್ತಿದ ಅತಿಥಿ: ರಕೂನ್‌ಗಳನ್ನು ಹಿಂಸೆಯಿಲ್ಲದೆ ಕಳುಹಿಸುವುದು ಹೇಗೆ?



ಹಿಮ ಕರಗಿ ವಸಂತ ಕಾಲಿಡುವ ಹೊತ್ತಿಗೆ ಟೊರೊಂಟೊ ಮತ್ತು ಸುತ್ತಲಿನ ಊರುಗಳಲ್ಲಿರುವ ನಮ್ಮ ಸದಸ್ಯರಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಛಾವಣಿಯ ಒಳಗೆ ಯಾರೋ ನಡೆದಾಡಿದ ಸದ್ದು! ಹಗಲಿನಲ್ಲಿ ಹಗುರವಾದ ಪರಪರ ಸದ್ದು ಬಂದರೆ ಅದು ಅಳಿಲು ಇರಬಹುದು. ರಾತ್ರಿ ಧಪಧಪನೆ ಭಾರವಾದ ಹೆಜ್ಜೆ ಕೇಳಿದರೆ ಅದು ಬಹುಮಟ್ಟಿಗೆ ರಕೂನ್. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ ಅಟ್ಟ ಸೇರುವ ಕಬ್ಬೆಕ್ಕಿನ ನೆನಪು ಬರಬಹುದು. ಇಲ್ಲಿ ಆ ಜಾಗ ರಕೂನ್‌ನದು.

ಇಂಥ ಸಮಯದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಏಣಿ ಹತ್ತಿ ತೂತು ಮುಚ್ಚುವುದು. ಅದೇ ದೊಡ್ಡ ತಪ್ಪು. ಒಳಗೆ ಯಾರಿದ್ದಾರೆ ಎಂದು ತಿಳಿಯದೆ ತೂತು ಮುಚ್ಚಬೇಡಿ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ರಕೂನ್ ಎಂದರೆ ಯಾರು?

ರಕೂನ್ ಉತ್ತರ ಅಮೆರಿಕದ ಮೂಲ ಪ್ರಾಣಿ. ಕಣ್ಣಿನ ಸುತ್ತ ಕಪ್ಪು ಮುಖವಾಡ, ಬಾಲದಲ್ಲಿ ಪಟ್ಟೆಗಳು. ದೊಡ್ಡ ಪ್ರಾಣಿ ಸಾಮಾನ್ಯವಾಗಿ 5ರಿಂದ 12 ಕಿಲೊ ತೂಗುತ್ತದೆ. ಹೆಸರು ಬಂದದ್ದು ವರ್ಜೀನಿಯಾದ ಮೂಲನಿವಾಸಿಗಳಾದ ಪೌಹಟನ್ ಜನರ ಭಾಷೆಯಿಂದ. ಕೈಯಿಂದ ಉಜ್ಜುವುದು, ಕೆರೆಯುವುದು ಎಂಬ ಅರ್ಥ. ವೈಜ್ಞಾನಿಕ ಹೆಸರು ಪ್ರೊಸಯಾನ್ ಲೋಟರ್. ಲೋಟರ್ ಎಂದರೆ ತೊಳೆಯುವವನು. ಮುಂಗಾಲಿನ ಬೆರಳುಗಳು ಬಹಳ ಸೂಕ್ಷ್ಮ. ಚಿಲಕ ತೆಗೆಯುವುದು, ಮುಚ್ಚಳ ಎತ್ತುವುದು, ಸಡಿಲವಾದ ಹಲಗೆ ಕೀಳುವುದು ಅದಕ್ಕೆ ಸುಲಭ. ಸುಮಾರು 10 ಸೆಂಟಿಮೀಟರ್ ಅಗಲದ ಸಂದಿ ಸಿಕ್ಕರೂ ನುಸುಳಿಬಿಡುತ್ತದೆ.

ಮೊದಲು ಮರಿಗಳ ವಿಚಾರ

ಮಾರ್ಚ್‌ನಿಂದ ಮೇ ತಿಂಗಳೊಳಗೆ ಹೆಚ್ಚಿನ ರಕೂನ್‌ಗಳು ಮರಿ ಹಾಕುತ್ತವೆ. ಒಂದು ಸಲಕ್ಕೆ ಸಾಮಾನ್ಯವಾಗಿ 3ರಿಂದ 5 ಮರಿಗಳು. ಅವು ಕಣ್ಣು ತೆರೆಯಲು ಸುಮಾರು 3 ವಾರ ಬೇಕು. ಮೊದಲ ಎರಡು ತಿಂಗಳು ಗೂಡು ಬಿಟ್ಟು ಹೊರಬರುವುದಿಲ್ಲ. ಮರಿ ಸಾಕುವುದು ತಾಯಿ ಒಬ್ಬಳೇ. ಬೆಚ್ಚಗಿನ, ಕತ್ತಲೆಯ, ಯಾರೂ ಬಾರದ ಜಾಗ ಹುಡುಕಿಕೊಂಡು ಅವಳು ನಮ್ಮ ಅಟ್ಟಕ್ಕೆ ಬಂದಿರುತ್ತಾಳೆ.

ಈಗ ಯೋಚಿಸಿ. ತಾಯಿ ಆಹಾರಕ್ಕೆ ಹೊರಗೆ ಹೋದಾಗ ತೂತು ಮುಚ್ಚಿದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ತಾಯಿ ಸುಮ್ಮನಿರುವುದಿಲ್ಲ, ಮರಿಗಳನ್ನು ತಲುಪಲು ಶಿಂಗಲ್ಸ್ ಕಿತ್ತು ಬೇರೆ ತೂತು ಮಾಡುತ್ತಾಳೆ. ಅವಳನ್ನೂ ಒಳಗೇ ಸೇರಿಸಿ ಮುಚ್ಚಿದರೆ ಹೊರಬರಲು ಸೀಲಿಂಗ್ ಒಡೆಯಬಹುದು. ಪಾಪವೂ ಹೌದು, ಖರ್ಚೂ ಹೌದು.

ಹಕ್ಕಿಮರಿ ಚಿಲಿಪಿಲಿಗುಟ್ಟುವಂತೆ ಅಥವಾ ಕುಂಯ್‌ಗುಟ್ಟುವಂತೆ ಸದ್ದು ಕೇಳಿದರೆ ಮರಿಗಳಿವೆ ಎಂದು ತಿಳಿಯಿರಿ. ಆತುರವಿಲ್ಲದಿದ್ದರೆ ಕೆಲವು ವಾರ ಕಾಯುವುದೇ ಉತ್ತಮ. ಮರಿಗಳು ಓಡಾಡುವಷ್ಟು ದೊಡ್ಡದಾದ ಮೇಲೆ ತಾಯಿಯ ಹಿಂದೆ ತಾವೇ ಹೊರಡುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಈ ಕೆಲಸಕ್ಕೆ ಅತ್ಯಂತ ಸೂಕ್ತ. ಕೊರೆಯುವ ಚಳಿಯಲ್ಲಿ ಹೊರಹಾಕಬೇಡಿ.

ತಾನಾಗಿ ಹೋಗುವಂತೆ ಮಾಡುವುದು

ತಾಯಿಗೆ ಸುತ್ತಮುತ್ತ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಗೂಡುಗಳಿರುತ್ತವೆ. ನಮ್ಮ ಅಟ್ಟ ನೆಮ್ಮದಿಯ ಜಾಗವಲ್ಲ ಎನಿಸಿದರೆ ಮರಿಗಳ ಕತ್ತು ಕಚ್ಚಿ ಹಿಡಿದು ಒಂದೊಂದಾಗಿ ಬೇರೆಡೆಗೆ ಸಾಗಿಸುತ್ತಾಳೆ. ಅದಕ್ಕಾಗಿ ಹೀಗೆ ಮಾಡಬಹುದು:

1. ಬೆಳಕು: ಗೂಡಿನ ಹತ್ತಿರ ಹಗಲೂ ರಾತ್ರಿ ಎಲ್‌ಇಡಿ ದೀಪ ಉರಿಸಿ. ಬಿಸಿಯಾಗುವ ಬಲ್ಬ್ ಬೇಡ, ಇನ್ಸುಲೇಶನ್‌ಗೆ ಬೆಂಕಿ ತಗಲುವ ಅಪಾಯವಿದೆ.
2. ಸದ್ದು: ಜನ ಮಾತನಾಡುವ ರೇಡಿಯೊ ಕಾರ್ಯಕ್ರಮ ಹಚ್ಚಿಡಿ. ಸಂಗೀತಕ್ಕಿಂತ ಮನುಷ್ಯರ ದನಿ ಮೇಲು.
3. ವಾಸನೆ: ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಪ್ರವೇಶದ ಜಾಗದ ಬಳಿ ಇಡಿ. ನುಸಿಗುಳಿಗೆ ಹಾಕಬೇಡಿ. ಅದರ ಹೊಗೆ ಮನೆಯವರಿಗೂ ಕೆಟ್ಟದ್ದು. ಕೆನಡಾದಲ್ಲಿ ಲೇಬಲ್‌ನಲ್ಲಿ ಹೇಳದ ಕೆಲಸಕ್ಕೆ ಅದನ್ನು ಬಳಸುವುದು ಕಾನೂನುಬಾಹಿರವೂ ಹೌದು.

ಕೆಲವು ರಾತ್ರಿಗಳು ಬೇಕಾಗುತ್ತವೆ, ತಾಳ್ಮೆಯಿರಲಿ. ನಂತರ ಪತ್ರಿಕೆಯ ಹಾಳೆಗಳನ್ನು ಮುದುಡಿ ತೂತಿಗೆ ಸಡಿಲವಾಗಿ ತುರುಕಿ. ಎರಡು ಮೂರು ರಾತ್ರಿ ಕಳೆದರೂ ಕಾಗದ ಅಲುಗಾಡದಿದ್ದರೆ ಮತ್ತು ಒಳಗಿಂದ ಸದ್ದಿಲ್ಲದಿದ್ದರೆ ಮನೆ ಖಾಲಿಯಾಗಿದೆ. ಚಳಿಗಾಲದಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ. ರಕೂನ್‌ಗಳು ದಿನಗಟ್ಟಲೆ ಒಳಗೇ ಮಲಗಿರುತ್ತವೆ.

ಇದಕ್ಕೂ ಬಗ್ಗದಿದ್ದರೆ ಒನ್ ವೇ ಡೋರ್ ಹಾಕಿಸಬಹುದು. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ನಡೆಯಲಾರದ ಮರಿಗಳಿರುವಾಗ ಇದನ್ನು ಹಾಗೇ ಹಾಕಬಾರದು. ತಿಳಿದ ಕೆಲಸಗಾರರು ಮೊದಲು ಮರಿಗಳನ್ನು ತೆಗೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಹೊರಗೆ ಇಡುತ್ತಾರೆ. ತಾಯಿ ಬಂದು ಕೊಂಡೊಯ್ಯುತ್ತಾಳೆ. ಇದನ್ನು ನೀವೇ ಮಾಡಲು ಹೋಗಬೇಡಿ, ತಾಯಿ ರಕೂನ್ ಕಚ್ಚದೆ ಬಿಡುವುದಿಲ್ಲ. ಕೆಲಸಕ್ಕೆ ಕರೆಯುವ ಮುನ್ನ ಕಂಪನಿಯವರನ್ನು "ಮರಿಗಳಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇರೆಯವರನ್ನು ನೋಡಿ. ಟೊರೊಂಟೊ ವೈಲ್ಡ್‌ಲೈಫ್ ಸೆಂಟರ್‌ನಂಥ ಸಂಸ್ಥೆಗಳೂ ಸಲಹೆ ಕೊಡುತ್ತವೆ.

ಬೋನಿನಲ್ಲಿ ಹಿಡಿದು ಕಾಡಿಗೆ ಬಿಟ್ಟರೆ?

ಇದು ದಯೆಯ ಕೆಲಸದಂತೆ ಕಾಣುತ್ತದೆ, ಆದರೆ ಅಲ್ಲ. ಗೊತ್ತಿಲ್ಲದ ಜಾಗದಲ್ಲಿ ಆಹಾರ, ಆಸರೆ ಸಿಗದೆ ಪ್ರಾಣಿ ಸಾಯಬಹುದು, ಅದರ ಮರಿಗಳು ಇಲ್ಲಿ ಉಳಿದುಹೋಗುತ್ತವೆ, ರೋಗವೂ ಹರಡುತ್ತದೆ. ಒಂಟಾರಿಯೋದಲ್ಲಿ 1997ರ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಯಮಗಳಂತೆ, ಹಿಡಿದ ಪ್ರಾಣಿಯನ್ನು 24 ಗಂಟೆಯೊಳಗೆ, ಹಿಡಿದ ಜಾಗದಿಂದ 1 ಕಿಲೊಮೀಟರ್ ಒಳಗೇ ಬಿಡಬೇಕು. ಬೇರೆ ಪ್ರಾಂತ್ಯದಲ್ಲಿರುವವರು ಅಲ್ಲಿನ ನಿಯಮ ವಿಚಾರಿಸಿಕೊಳ್ಳಿ.

ಮತ್ತೆ ಬಾರದಂತೆ

ಮನೆ ಖಾಲಿಯಾಗಿದೆ ಎಂದು ಖಚಿತವಾದ ದಿನವೇ ತೂತು ಮುಚ್ಚಿಸಿ. ಪ್ಲಾಸ್ಟಿಕ್, ಫೋಮ್, ತೆಳ್ಳನೆಯ ಬಲೆ ಯಾವುದೂ ನಿಲ್ಲುವುದಿಲ್ಲ. ದಪ್ಪ ಗ್ಯಾಲ್ವನೈಸ್ಡ್ ತಂತಿಯ ಜಾಲರಿ ಬೇಕು. ಛಾವಣಿಯ ವೆಂಟ್‌ಗಳು, ಸೂರಿನ ಅಂಚು, ಚಿಮಣಿಯ ಬಾಯಿ, ಇವು ಮೂರನ್ನೂ ನೋಡಿಸಿ. ಡೆಕ್ ಅಥವಾ ಶೆಡ್‌ನ ಅಡಿಯಲ್ಲಾದರೆ ಜಾಲರಿಯನ್ನು ಸುಮಾರು 30 ಸೆಂಟಿಮೀಟರ್ ಆಳಕ್ಕೆ ಹೂತು, ಅಷ್ಟೇ ಉದ್ದ ಹೊರಕ್ಕೆ ಬಾಗಿಸಿ ಮಣ್ಣು ಮುಚ್ಚಿ. ಆಗ ತೋಡಿ ಒಳಬರಲು ಆಗುವುದಿಲ್ಲ. ಛಾವಣಿಗೆ ತಾಗುವ ಮರದ ಕೊಂಬೆಗಳನ್ನು ಕತ್ತರಿಸಿ.

ಮುಖ್ಯವಾಗಿ ಊಟ ಹಾಕಬೇಡಿ. ಟೊರೊಂಟೊ ನಗರ 2016ರಲ್ಲಿ ತಿರುಗಿಸುವ ಬೀಗವಿರುವ ಹೊಸ ಹಸಿರು ಕಸದ ಡಬ್ಬಿಗಳನ್ನು ಕೊಡತೊಡಗಿದ್ದೇ ರಕೂನ್‌ಗಳ ಕಾಟ ತಡೆಯಲು. ಬೀಗ ಹಾಕುವುದನ್ನು ಮರೆತರೆ ಅದೂ ಪ್ರಯೋಜನವಿಲ್ಲ. ನಮ್ಮಲ್ಲಿ ಕೆಲವರಿಗೆ ಉಳಿದ ಅನ್ನವನ್ನು ಕಾಗೆಗೆಂದು ಹಿತ್ತಲಿನಲ್ಲಿ ಇಡುವ ರೂಢಿಯಿದೆ. ಪಿತೃಪಕ್ಷದಲ್ಲಂತೂ ಪಿಂಡ, ವಡೆ ಇಡುತ್ತೇವೆ. ರಾತ್ರಿವರೆಗೆ ಉಳಿದದ್ದನ್ನು ತಿನ್ನುವುದು ರಕೂನ್. ಟೊರೊಂಟೊದಲ್ಲಿ 2023ರ ಏಪ್ರಿಲ್ 1ರಿಂದ ಸ್ವಂತ ಹಿತ್ತಲಿನಲ್ಲೂ ಕಾಡುಪ್ರಾಣಿಗಳಿಗೆ ಆಹಾರ ಹಾಕುವುದು ನಿಷಿದ್ಧ. ಕಾಗೆಗೆ ಅನ್ನ ಇಡುವ ವಿಚಾರದಲ್ಲಿ ಮನೆಯ ಹಿರಿಯರಿಗೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಿ.

ಮಕ್ಕಳ ಆರೋಗ್ಯ

ರಕೂನ್‌ಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ. ಅದರಲ್ಲಿ ಒಂದು ಬಗೆಯ ಜಂತುಹುಳುವಿನ ಮೊಟ್ಟೆಗಳಿರಬಹುದು. ಮನುಷ್ಯರ ಹೊಟ್ಟೆ ಸೇರಿದರೆ ಮಿದುಳು, ಕಣ್ಣುಗಳಿಗೆ ಹಾನಿ ಮಾಡಬಲ್ಲವು. ಇಂಥ ಪ್ರಕರಣಗಳು ವಿರಳ, ಆದರೆ ಮಣ್ಣಾಡಿ ಬಾಯಿಗೆ ಕೈ ಹಾಕುವ ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚು. ಮೊಟ್ಟೆಗಳು ಸೋಂಕು ತಗಲಿಸುವ ಸ್ಥಿತಿಗೆ ಬರಲು 2ರಿಂದ 4 ವಾರ ಬೇಕು. ಆದ್ದರಿಂದ ಕಂಡ ಕೂಡಲೇ ಗ್ಲೌಸ್, ಮಾಸ್ಕ್ ಧರಿಸಿ ತೆಗೆದು, ಆ ಜಾಗಕ್ಕೆ ಕುದಿಯುವ ನೀರು ಸುರಿಯಿರಿ. ಬ್ಲೀಚ್‌ನಿಂದ ಆ ಮೊಟ್ಟೆಗಳು ಸಾಯುವುದಿಲ್ಲ. ಸ್ಯಾಂಡ್‌ಬಾಕ್ಸ್ ಇದ್ದರೆ ಮುಚ್ಚಿಡಿ.

ರಕೂನ್ ರೇಬೀಸ್ ಒಂಟಾರಿಯೋದಲ್ಲಿ ಮೊದಲು ಕಂಡದ್ದು 1999ರಲ್ಲಿ. ಲಸಿಕೆ ಬೆರೆಸಿದ ತಿನಿಸುಗಳನ್ನು ಹಾಕಿ ಅದನ್ನು ತೊಲಗಿಸಿದ್ದರೂ 2015ರ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಹಗಲಿನಲ್ಲಿ ಕಂಡ ರಕೂನ್‌ಗೆಲ್ಲ ರೇಬೀಸ್ ಇರುವುದಿಲ್ಲ, ಮೊಲೆಯೂಡಿಸುವ ತಾಯಿ ಹಗಲೂ ಆಹಾರ ಹುಡುಕುತ್ತಾಳೆ. ಆದರೆ ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಬಳಿ ಹೋಗಿ. ಸಾಕಿದ ನಾಯಿ, ಬೆಕ್ಕುಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಬಾಡಿಗೆ ಮನೆಯಲ್ಲಿದ್ದರೆ

ಹೊಸದಾಗಿ ಬಂದವರು ಗಮನಿಸಿ: ಒಂಟಾರಿಯೋದಲ್ಲಿ ಬಾಡಿಗೆ ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಹೊಣೆ. ಅವರಿಗೆ ಬರಹದಲ್ಲಿ ತಿಳಿಸಿ, ಜೊತೆಗೆ ಫೋಟೊ ಕಳುಹಿಸಿ. ಮರಿಗಳಿರುವ ಸಾಧ್ಯತೆಯನ್ನೂ ಅದರಲ್ಲೇ ಬರೆಯಿರಿ. ಸ್ವಂತ ಮನೆಯವರು ರಕೂನ್ ಮಾಡಿದ ಹಾನಿಗೆ ವಿಮೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನಾವು ಈ ನಾಡಿಗೆ ನಿನ್ನೆ ಮೊನ್ನೆ ಬಂದವರು, ರಕೂನ್‌ಗಳು ಮೊದಲಿನಿಂದಲೂ ಇಲ್ಲೇ ಇದ್ದವು. ನಮ್ಮ ಅಟ್ಟ ನಮಗಿರಲಿ, ಅದರ ಮರಿಗಳು ಅದಕ್ಕೆ ಉಳಿಯಲಿ. ಈ ವಸಂತದಲ್ಲಿ ಮೇಲೆ ಸದ್ದು ಕೇಳಿದರೆ ಏಣಿ ತರುವ ಮೊದಲು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ.