34 ಮಿಲಿಮೀಟರ್ ತೂತು, ಟೊಯೋಟಾದ ಕಳ್ಳಾಟ

ಹೋದ ವಾರ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ: "ಬ್ರೋ, ಬೈಕಿಗೆ ಫ್ರೀ-ಫ್ಲೋ ಏರ್ ಫಿಲ್ಟರ್ ಹಾಕಿಸಿದ್ರೆ ಪವರ್ರೂ ಬರುತ್ತೆ, ಮೈಲೇಜೂ ಬರುತ್ತೆ ಅಂತಾರೆ, ಹೌದಾ?" ಉತ್ತರ ಕೊಡೋಕೆ ಸ್ವಲ್ಪ ಹಿಂದೆ ಹೋಗ್ಬೇಕು. 1995ಕ್ಕೆ, ಸ್ಪೇನ್‌ಗೆ.

ಜೇಬಲ್ಲಿ 10 ರೂಪಾಯಿ ನಾಣ್ಯ ಇದ್ರೆ ತೆಗೀರಿ. ಅದರ ಅಗಲ 27 ಮಿಲಿಮೀಟರ್. ಆ ವರ್ಷ ವರ್ಲ್ಡ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಟಾಪ್ ಟರ್ಬೊ ಕಾರುಗಳು ಅದಕ್ಕಿಂತ ಸ್ವಲ್ಪವೇ ದೊಡ್ಡದಾದ, 34 ಮಿಲಿಮೀಟರ್ ತೂತಿನಲ್ಲಿ ಉಸಿರಾಡಬೇಕಿತ್ತು. ಇದರ ಹೆಸರು ರೆಸ್ಟ್ರಿಕ್ಟರ್. ಮೊದಲು 38 ಇತ್ತು. ನಾಲ್ಕೇ ಮಿಲಿಮೀಟರ್ ತಾನೇ ಅನ್ಬೇಡಿ, ತೂತಿನ ವಿಸ್ತೀರ್ಣದ ಲೆಕ್ಕ ಹಾಕಿದ್ರೆ ಸುಮಾರು 20% ಖೋತಾ.

ಯಾಕೆ ಹೀಗೆ? 1986ರಲ್ಲಿ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಾರಿನ ಸಮೇತ ಸುಟ್ಟುಹೋದ ಮೇಲೆ, ಗ್ರೂಪ್ ಬಿ ಅನ್ನುವ ರಾಕ್ಷಸ ಕಾರುಗಳನ್ನೇ ನಿಷೇಧಿಸಿದ್ರು. ಆದ್ರೆ ಉಳಿದ ಕಾರುಗಳ ಪವರ್ರೂ ವರ್ಷವರ್ಷಕ್ಕೆ ಏರ್ತಾನೇ ಇತ್ತು. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಸುರಿಯೋದು ಸುಲಭ, ಗಾಳಿ ತುಂಬೋದೇ ಕಷ್ಟ. ಆದ್ದರಿಂದ ಗಾಳಿಯ ದಾರಿ ಸಣ್ಣದು ಮಾಡಿದ್ರೆ ಸಾಕು. ಆ ತೂತಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಟರ್ಬೊ ಎಷ್ಟೇ ಎಳೆದ್ರೂ ಹೆಚ್ಚು ಬರೋದಿಲ್ಲ.

ಅಕ್ಟೋಬರ್‌ನಲ್ಲಿ ಕ್ಯಾಟಲೂನ್ಯಾ ರ‍್ಯಾಲಿ. ಟೊಯೋಟಾದ ಸೆಲಿಕಾ ಜಿಟಿ-ಫೋರ್ ಕಾರುಗಳ ಟರ್ಬೊ ಬಿಚ್ಚಿ ನೋಡಿದ ಅಧಿಕಾರಿಗಳಿಗೆ ಸಿಕ್ಕಿದ್ದು ಏನು ಗೊತ್ತಾ? ಹೋಸ್ ಕ್ಲಿಪ್ ಬಿಗಿದಾಗ ರೆಸ್ಟ್ರಿಕ್ಟರ್ ಸುಮಾರು 5 ಮಿಲಿಮೀಟರ್ ಸರಿದು, ಪಕ್ಕದಿಂದ ಕದ್ದ ಗಾಳಿ ಒಳಗೆ ಹೋಗೋದು. ತಪಾಸಣೆಗೆ ಹೋಸ್ ಬಿಚ್ಚಿದ ಕೂಡಲೇ ಸ್ಪ್ರಿಂಗ್ ಅದನ್ನ ವಾಪಸ್ ಕೂರಿಸೋದು! ಅಳೆದ್ರೆ ಪಕ್ಕಾ 34. ಲೆಕ್ಕಪುಸ್ತಕ ಕ್ಲೀನ್, ದುಡ್ಡು ಇನ್ನೊಂದು ಅಕೌಂಟಲ್ಲಿ ಇದ್ದ ಹಾಗೆ. ಇದರಿಂದ 50 ಹಾರ್ಸ್‌ಪವರ್‌ವರೆಗೆ ಲಾಭ ಅಂತ ಅಂದಾಜು. ಇದನ್ನ ನೋಡಿ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅವರೇ ಜಾಣತನವನ್ನ ಮೆಚ್ಚಿಕೊಂಡ್ರು. ಮೆಚ್ಚಿಕೊಂಡೇ ಶಿಕ್ಷೆ ಕೊಟ್ರು: ಆ ವರ್ಷದ ಎಲ್ಲ ಅಂಕಗಳೂ ಹೋದವು, 12 ತಿಂಗಳು ಬ್ಯಾನ್. ಪ್ರಶಸ್ತಿಯ ರೇಸಲ್ಲಿ ಮುಂಚೂಣಿಯಲ್ಲಿದ್ದ ಯೂಹಾ ಕಾಂಕುನೆನ್ ಪಟ್ಟಿಯಿಂದಲೇ ಮಾಯ. ಆ ಸಲ ಚಾಂಪಿಯನ್ ಆಗಿದ್ದು ಸುಬಾರುವಿನ ಕಾಲಿನ್ ಮ್ಯಾಕ್ರೇ. ಟೊಯೋಟಾ ಫ್ಯಾಕ್ಟರಿ ತಂಡ ವಾಪಸ್ ಬಂದಿದ್ದು 1997ರಲ್ಲಿ, ಕೊರೊಲ್ಲಾ ಜೊತೆ.

ಹಾಗಾದ್ರೆ ಗಾಳಿ ಜಾಸ್ತಿ ಆದ್ರೆ ಪವರ್ ಬರುತ್ತೆ, ಸತ್ಯ. ಆದ್ರೆ ಗಮನಿಸಿ, ಅಲ್ಲಿ ತೂತೇ ಅಡ್ಡಿ ಆಗಿತ್ತು. ನಿಮ್ಮ ಬೈಕಲ್ಲಿ? ಸಿಟಿ ಟ್ರಾಫಿಕ್ಕಲ್ಲಿ ಅರ್ಧಂಬರ್ಧ ಥ್ರಾಟಲಲ್ಲಿ ಹೋಗುವಾಗ ಗಾಳಿಗೆ ಅಡ್ಡ ನಿಂತಿರೋದು ಫಿಲ್ಟರ್ ಅಲ್ಲ, ನಿಮ್ಮ ಥ್ರಾಟಲ್ಲೇ. ಫುಲ್ ಥ್ರಾಟಲ್ ಕೊಟ್ಟಾಗ ಸ್ವಲ್ಪ ವ್ಯತ್ಯಾಸ ಕಾಣಬಹುದು, ಅಷ್ಟೇ.

ಮೈಲೇಜಿನ ಕತೆ ಇನ್ನೂ ಮಜಾ ಇದೆ. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಫ್ಯುಯಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಏರ್ ಫಿಲ್ಟರ್‌ಗಳನ್ನ ಬೇಕಂತಲೇ ಕಟ್ಟಿಸಿ ಪರೀಕ್ಷೆ ಮಾಡ್ತು. ಪಿಕಪ್ ಕಮ್ಮಿ ಆಯ್ತು, ಮೈಲೇಜಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಯಾಕಂದ್ರೆ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನ ಇಸಿಯು ಅಳೆದು ಕೊಡುತ್ತೆ. ಕಟ್ಟಿದ ಫಿಲ್ಟರಿಂದಲೇ ಮೈಲೇಜ್ ಬೀಳದಿದ್ರೆ, ಫ್ರೀ-ಫ್ಲೋಯಿಂದ ಏರೋದೆಲ್ಲಿಂದ?

ಕಾರ್ಬ್ಯುರೇಟರ್ ಗಾಡಿಗಳದ್ದು ಬೇರೆ ಕತೆ. ಆರ್‌ಎಕ್ಸ್ 100ರ ಏರ್‌ಬಾಕ್ಸ್ ಕಿತ್ತು ಬರೀ ಫಿಲ್ಟರ್ ಹಾಕ್ಸಿದ್ರೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಬಿಸಿಯಾಗುತ್ತೆ, ಟೂ-ಸ್ಟ್ರೋಕಲ್ಲಿ ಪಿಸ್ಟನ್ ಸೀಜ್ ಆಗೋ ಭಯ. ಅದಕ್ಕೆ ಮೆಕ್ಯಾನಿಕ್ ದೊಡ್ಡ ಜೆಟ್ ಹಾಕ್ತಾರೆ. ಆಮೇಲೆ ಮೈಲೇಜ್ ಕೇಳ್ಬೇಡಿ.

ಇದನ್ನೆಲ್ಲ ಓದೋಕೆ ಮುಂಚೆ ನಾನೂ ಸಂಬಳದ ದುಡ್ಡಲ್ಲಿ ಒಂದು ಹಾಕಿಸಿದ್ದೆ. ಸೌಂಡ್ ಮಾತ್ರ ಜೋರಾಯ್ತು, ಪವರ್ ಬಂದಿದೆ ಅಂತ ಆರು ತಿಂಗಳು ನಂಬಿದ್ದೆ. ಈಗ ಅದು ಮನೆಯ ಅಟ್ಟದ ಮೇಲಿದೆ, ಬೈಕಿಗೆ ಕಂಪನಿ ಫಿಲ್ಟರ್ರೇ ವಾಪಸ್ ಹಾಕಿಸಿದ್ದೀನಿ.