ಚೆರ್ನೋಬಿಲ್: ಹಂಚಿಕೊಂಡ ಹೊಣೆಯ ಇತಿಹಾಸ

1986ರ ಏಪ್ರಿಲ್ 26ರ ನಡುರಾತ್ರಿಯ ತರುವಾಯ, ಅಂದು ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನ ಚೆರ್ನೋಬಿಲ್ ಪರಮಾಣು ವಿದ್ಯುತ್ ಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸ್ಫೋಟಗೊಂಡಿತು. ಅದು ವಿದ್ಯುತ್ ನೀಡಲಾರಂಭಿಸಿದ್ದು 1983ರ ಡಿಸೆಂಬರಿನಲ್ಲಿ. ಮೂರು ವರ್ಷವೂ ತುಂಬದ ಆ ಉಪಯೋಗದ ಬೆಲೆಯನ್ನು ಜಗತ್ತು ಇಂದಿಗೂ ತೆರುತ್ತಲೇ ಇದೆ.

ಒಡೆದ ಕಟ್ಟಡವನ್ನು ಅದೇ ವರ್ಷದ ನವೆಂಬರ್ ವೇಳೆಗೆ ಉಕ್ಕು ಮತ್ತು ಕಾಂಕ್ರೀಟಿನಿಂದ ಮುಚ್ಚಲಾಯಿತು. ತೀವ್ರ ವಿಕಿರಣದ ನಡುವೆ ಅವಸರದಲ್ಲಿ ಎದ್ದ ಆ ಹೊದಿಕೆ ಬಹುಕಾಲ ಬಾಳುವಂಥದಾಗಿರಲಿಲ್ಲ. ಒಳಗೆ ಸುಮಾರು 200 ಟನ್ ಪರಮಾಣು ಇಂಧನ ಉಳಿದಿತ್ತು. ಬಿರುಕುಗಳಿಂದ ಮಳೆನೀರು ಇಳಿಯುತ್ತಿತ್ತು.

1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಿತು. ಸ್ಥಾವರವನ್ನು ಕಟ್ಟಿಸಿದ ಪ್ರಭುತ್ವ ಇಲ್ಲವಾಗಿ, ಅದರ ಹೊರೆ ಸಂಕಷ್ಟದಲ್ಲಿದ್ದ ಸ್ವತಂತ್ರ ಯುಕ್ರೇನಿನ ಪಾಲಿಗೆ ಬಂದಿತು. ವಿದ್ಯುತ್ತಿನ ಕೊರತೆಯಿಂದಾಗಿ ಆ ದೇಶವು ಉಳಿದ ರಿಯಾಕ್ಟರುಗಳನ್ನು ಒಮ್ಮೆಗೇ ನಿಲ್ಲಿಸುವಂತಿರಲಿಲ್ಲ. 1995ರ ಡಿಸೆಂಬರಿನಲ್ಲಿ ಏಳು ಶ್ರೀಮಂತ ರಾಷ್ಟ್ರಗಳ ಕೂಟವೂ ಯುರೋಪಿಯನ್ ಕಮಿಷನ್ನೂ ಯುಕ್ರೇನಿನೊಡನೆ ಒಡಂಬಡಿಕೆ ಮಾಡಿಕೊಂಡವು: 2000ದ ಹೊತ್ತಿಗೆ ಸ್ಥಾವರವನ್ನು ಮುಚ್ಚಬೇಕು, ಅದಕ್ಕೆ ಅವು ನೆರವಾಗಬೇಕು. 2000ದ ಡಿಸೆಂಬರ್ 15ರಂದು ಕೊನೆಯ ರಿಯಾಕ್ಟರನ್ನು ನಿಲ್ಲಿಸಿ ಯುಕ್ರೇನ್ ತನ್ನ ಮಾತನ್ನು ನಡೆಸಿತು.

ಈ ನಡುವೆ 1997ರಲ್ಲಿ ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನಲ್ಲಿ ಚೆರ್ನೋಬಿಲ್ ರಕ್ಷಾಕವಚ ನಿಧಿ ಸ್ಥಾಪಿತವಾಯಿತು. ನಲವತ್ತಕ್ಕೂ ಹೆಚ್ಚು ದೇಶಗಳು ಅದಕ್ಕೆ ಹಣವಿತ್ತವು. ಇದನ್ನು ಕೇವಲ ದಾನವೆನ್ನಲಾಗದು. 1986ರಲ್ಲಿ ವಿಕಿರಣದ ಸುಳಿವು ಹೊರಜಗತ್ತಿಗೆ ಮೊದಲು ದೊರೆತದ್ದು ದೂರದ ಸ್ವೀಡನ್ನಿನಲ್ಲಿ. ಗಾಳಿಗೆ ಗಡಿಯಿಲ್ಲವೆಂಬುದನ್ನು ಕಂಡ ದೇಶಗಳು ಅನ್ಯರ ನೆಲದ ಅಪಾಯವನ್ನು ತಮ್ಮದೆಂದೇ ಎಣಿಸಬೇಕಾಯಿತು.

ಆರಂಭದಲ್ಲಿ 75.8 ಕೋಟಿ ಡಾಲರ್ ಸಾಕೆಂದು ಅಂದಾಜಾಗಿತ್ತು. ಕೊನೆಗೆ ಯೋಜನೆಯ ಒಟ್ಟು ವೆಚ್ಚ ಸುಮಾರು 210 ಕೋಟಿ ಯೂರೊಗಳಿಗೇರಿತು. ಕಾರ್ಮಿಕರಿಗೆ ವಿಕಿರಣ ಕಡಿಮೆ ತಗಲುವಂತೆ, 108 ಮೀಟರ್ ಎತ್ತರದ ಉಕ್ಕಿನ ಕಮಾನನ್ನು ತುಸು ದೂರದಲ್ಲಿ ಕಟ್ಟಿ, 2016ರ ನವೆಂಬರಿನಲ್ಲಿ 327 ಮೀಟರ್ ಸರಿಸಿ ಹಳೆಯ ಹೊದಿಕೆಯ ಮೇಲೆ ನಿಲ್ಲಿಸಲಾಯಿತು. 2019ರಲ್ಲಿ ಅದನ್ನು ಯುಕ್ರೇನಿಗೆ ಒಪ್ಪಿಸಲಾಯಿತು.

ಆದರೆ ಕವಚವೇ ಪರಿಹಾರವಲ್ಲ. ಅದರ ಆಯುಷ್ಯ ನೂರು ವರ್ಷವೆಂದು ಎಣಿಕೆ. ಒಳಗಿರುವ ಪ್ಲುಟೋನಿಯಂ-239 ಅರ್ಧದಷ್ಟು ಕ್ಷಯಿಸಲು 24,000 ವರ್ಷ ಬೇಕು. ಕವಚದ ಮರೆಯಲ್ಲಿ ಹಳೆಯ ಕಟ್ಟಡವನ್ನು ಬಿಚ್ಚಿ, ಇಂಧನವನ್ನು ಹೊರತೆಗೆದು ಭದ್ರಪಡಿಸುವುದೇ ನಿಜವಾದ ಕಾರ್ಯ. ಆ ಕಾರ್ಯ ಮುಗಿಯುವ ಮೊದಲೇ, ಯುದ್ಧದ ನಡುವೆ, 2025ರ ಫೆಬ್ರುವರಿ 14ರಂದು ಡ್ರೋನ್ ಒಂದು ಎರಗಿ ಕವಚವನ್ನು ತೂತುಮಾಡಿತು. ದೇಶದೇಶಗಳು ಕೂಡಿ ಎರಡು ದಶಕ ದುಡಿದು ಕಟ್ಟಿದ್ದನ್ನು ಒಂದು ರಾತ್ರಿಯ ಹಿಂಸೆ ಭೇದಿಸಿತು. ದುರಸ್ತಿಗೆ ಮತ್ತೆ ಹಣ ಕೂಡಿಸಬೇಕಾಯಿತು.

ಹೊದಿಸಿದ ಮಾತ್ರಕ್ಕೆ ಹೊಣೆ ತೀರದು. ಅಂದಿನ ಬೆಳಕನ್ನು ಕಾಣದ ಪೀಳಿಗೆಗಳೂ ಈ ಸಾಲದಲ್ಲಿ ಪಾಲುದಾರರು. ಅವರ ಪಾಲು ಎಷ್ಟಾಗಬೇಕೆಂಬುದು ಈಗ ಇರುವವರು ಮಾಡಿ ಮುಗಿಸುವ ಕೆಲಸವನ್ನು ಅವಲಂಬಿಸಿದೆ.