ಸುಳ್ಳು ಶಬ್ದದ ಗುರುತು

ಮದುವಿ ಮನಿಗೆ ಪಾತೇಲಿ, ಪರಾತ ಕೊಡೋಮುಂದ ನಮ್ಮವ್ವ ಮೊದಲ ಅದರ ಮ್ಯಾಲಿನ ಹೆಸರು ನೋಡತಿದ್ಲು. ಹೆಸರು ಕೊರಸಿದ ಭಾಂಡೆ ಯಾರ ಮನ್ಯಾಗ ಹೋಗಿ ಕೂತ್ರೂ ನಮ್ಮದು ಅಂತ ಗೊತ್ತಾಗತದ. ಆದ್ರ ಶಬ್ದಕ್ಕ ಹೆಸರು ಕೊರಸೂದು ಹೆಂಗ್ರಿ?

ನಿಘಂಟು ಮಾಡೋವ್ರಿಗೂ ಇದ ಚಿಂತಿ. ಖರೇ ಶಬ್ದ ಎಲ್ಲಾ ನಿಘಂಟಿನ್ಯಾಗೂ ಇರತಾವ. ಯಾರು ಯಾರದನ್ನ ನೋಡಿ ಬರದ್ರು ಅಂತ ಹೇಳಲಿಕ್ಕೆ ಆಗೂದಿಲ್ಲ. ಅದಕ್ಕ 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನ್ಯಾಗ 'ಎಸ್ಕ್ವಿವೇಲಿಯನ್ಸ್' ಅನ್ನೋ ಇಲ್ಲದ ಶಬ್ದ ಒಂದು ಸೇರಿಸಿದ್ರು. ಅರ್ಥ, ತನ್ನ ಪಾಲಿನ ಕೆಲಸ ಬೇಕಂತ ತಪ್ಪಿಸಿಕೊಳ್ಳೂದು. (ಇಂಥಾವ್ರು ಎಲ್ಲಾರ ಮನ್ಯಾಗೂ ಒಬ್ರು ಇರತಾರ, ಶಬ್ದ ಮಾತ್ರ ಇರಲಿಲ್ಲ!) ಅದು ಮುಂದ ಅಂತರಜಾಲದ ಇನ್ನೊಂದು ನಿಘಂಟಿನ್ಯಾಗ ಕಾಣಿಸಿಕೊಂಡಿತು. 2005ರಾಗ ಗುಟ್ಟು ಬಯಲಾತು.

ಇದ ಉಪಾಯ ಗೂಗಲ್‌ನವ್ರು 2010ರ ಕೊನೀಗೆ ಮಾಡಿದ್ರು. ಮೈಕ್ರೋಸಾಫ್ಟ್‌ನ ಬಿಂಗ್ ತಮ್ಮ ಉತ್ತರ ನಕಲು ಮಾಡತದ ಅಂತ ಅವ್ರಿಗೆ ಸಂಶೇ. ನಾಲಿಗಿ ಹೊರಳಲಾರದ ಸುಮಾರು 100 ಶಬ್ದ ಹುಟ್ಟಿಸಿ, ಒಂದೊಂದಕ್ಕೂ ಸಂಬಂಧ ಇಲ್ಲದ ಒಂದು ಪುಟಾನ ಉತ್ತರ ಅಂತ ಕೈಯಾರೆ ಜೋಡಿಸಿದ್ರು. ಒಂದು ಶಬ್ದ ಹುಡುಕಿದ್ರ ನಾಟಕ ಮಂದಿರದ ಖುರ್ಚಿ ಎಲ್ಲೆಲ್ಲಿ ಅವ ಅನ್ನೋ ಪುಟ ಬರತಿತ್ತು! ಆಮ್ಯಾಲೆ ತಮ್ಮ 20 ಇಂಜಿನಿಯರಿಗೆ ಬಿಂಗ್ ಟೂಲ್‌ಬಾರ್ ಇದ್ದ ಲ್ಯಾಪ್‌ಟಾಪ್ ಕೊಟ್ಟು, ಮನ್ಯಾಗ ಕೂತು ಆ ಶಬ್ದ ಗೂಗಲ್‌ನ್ಯಾಗ ಹುಡುಕಿ, ಬಂದ ಉತ್ತರ ಒತ್ತರಿ ಅಂದ್ರು. ಎರಡು ವಾರದಾಗ ಏಳರಿಂದ ಒಂಬತ್ತು ಶಬ್ದಕ್ಕ ಅವ ಉತ್ತರ ಬಿಂಗ್‌ನ್ಯಾಗ ಬಂದ್ವು. 2011ರ ಫೆಬ್ರುವರಿ 1ಕ್ಕ ಜಗತ್ತಿಗೆಲ್ಲಾ ಸುದ್ದಿ ಆತು.

ಮೈಕ್ರೋಸಾಫ್ಟ್‌ನವ್ರು ಕದ್ದೀವಿ ಅಂತ ಒಪ್ಪಲಿಲ್ಲ. ಒಪ್ಪಿಗಿ ಕೊಟ್ಟ ಮಂದಿ ಏನು ಒತ್ತತಾರ ಅನ್ನೂದನ್ನ ನೋಡತೀವಿ, ನಾವು ಲೆಕ್ಕಕ್ಕ ತಗೋಳೋ ಸಾವಿರಕ್ಕೂ ಹೆಚ್ಚು ಸಂಗತಿಯೊಳಗ ಅದೂ ಒಂದು ಅಂದ್ರು.

ಕಳ್ಳತನ ಹೌದೋ ಅಲ್ಲೋ, ಆ ಜಗಳ ಅವ್ರದು. ನನಗ ತಿಳದದ್ದು ಬ್ಯಾರೆನ. ಭಾಂಡೆ ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗಬೇಕಂದ್ರ ಯಾರರೆ ಹೊತಗೊಂಡು ಹೋಗಬೇಕಲ್ಲ? ಇಲ್ಲಿ ಹೊತ್ತದ್ದು ಒತ್ತಿದವರ ಬೆರಳು. ಆ ಇಂಜಿನಿಯರಿಗೆ ಗೊತ್ತಿದ್ದು ಒತ್ತಿದ್ರು. ನಾವು ಗೊತ್ತಿಲ್ಲದ ದಿನಾ ಒತ್ತತೀವಿ. 'ಒಪ್ಪಿಗಿ ಅದ' ಅನ್ನೋದನ್ನ ಓದದ ಒತ್ತೋ ಚಟ ನಂದೂ ಇತ್ರಿ. ಈಗ ಚಷ್ಮಾ ಹಾಕ್ಕೊಂಡ ಒತ್ತತೀನಿ.